ಅಮ್ಮನ ಮಂಡಿ ಮತ್ತು ಮೆಟ್ಟುಗತ್ತಿ

"ಯಾರಮ್ಮಾ ಇವ್ರಿಗೆ ಕೂತ್ಕೊಂಡೇ ಇರಿ ಅಂತ ಹೇಳಿದ್ದು?"

ಫಿಸಿಯೋಥೆರಪಿ ಮಾಡುವ ಹುಡುಗ ಅಮ್ಮನ ತೊಡೆಗೆ ಟೇಪು ಸುತ್ತಿ ಅಳತೆ ಬರೆದುಕೊಳ್ಳುತ್ತಾ ಕೇಳಿದ. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರ್ ನೋಡುತ್ತಾ ನಿಂತೆ. ಅಮ್ಮ ಒಂದು ಕ್ಷಣವೂ ತಡಮಾಡದೆ, "ಯಾರೂ ಹೇಳ್ಲಿಲ್ಲಪ್ಪ, ನಾನೇ ಕೂತೆ" ಅಂದಳು.

ಹೇಳಿದ್ದು ನಾನು. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು. ಮೂಳೆ, ಕೀಲು, ಮೃದ್ವಸ್ಥಿ ಅಂತ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ ಅಂತ ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಕೇಳುವವಳು.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಮ್ಮನಿಗೆ ಅರವತ್ತಮೂರಾದಾಗ ಬಲಗಾಲಿನ ಮಂಡಿ ನೋವು ಶುರುವಾಯಿತು. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ ಬಿಗಿ. ಆಮೇಲೆ ಮೆಟ್ಟಿಲು ಇಳಿಯುವಾಗ, ಆಮೇಲೆ ಬಚ್ಚಲಿನಲ್ಲಿ ಕೂತು ಏಳುವಾಗ. ಎಣ್ಣೆ, ಪಟ್ಟು, ಬಿಸಿನೀರಿನ ಶಾಖ ಎಲ್ಲ ಆಯಿತು. ಕಡೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದೆ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ನೋಡಿ, ಇಲ್ಲಿ ಗ್ಯಾಪ್ ಕಮ್ಮಿಯಾಗಿದೆ. ಸವೆದಿದೆ" ಅಂದರು. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು. ಅವರು ಹೇಳಿದ್ದು ಅಷ್ಟೇ. ಉಳಿದದ್ದನ್ನು ಬಸ್ಸಿನಲ್ಲಿ ನಾನು ಸೇರಿಸಿದೆ.

"ಟೈರ್ ಇದ್ದ ಹಾಗೆ ಅಮ್ಮ. ಎಷ್ಟು ಓಡಿಸ್ತೀವೋ ಅಷ್ಟು ಸವೆಯತ್ತೆ. ಇನ್ನು ಮೇಲೆ ಓಡಾಟ ಕಮ್ಮಿ ಮಾಡು. ಇರೋದನ್ನ ಉಳಿಸ್ಕೊಳ್ಬೇಕು."

ಮರುವಾರವೇ ಪ್ಲಾಸ್ಟಿಕ್ ಕುರ್ಚಿ ಬಂತು, ಕಮೋಡ್ ಬಂತು, ಕೊಟ್ಟಿಗೆ ಕೆಲಸಕ್ಕೆ ಜನ ಗೊತ್ತಾಯಿತು. ಅಮ್ಮ ಜಗಲಿಯ ಮೇಲೆ ಕೂತಳು. ನನಗೆ ಒಳಗೊಳಗೇ ಹೆಮ್ಮೆ, ಅಮ್ಮನಿಗೆ ಕಡೆಗಾದರೂ ವಿಶ್ರಾಂತಿ ಕೊಡಿಸಿದೆ ಅಂತ. ಎರಡು ವರ್ಷ ಹೀಗೇ ನಡೆಯಿತು. ನೋವು ಕಡಿಮೆಯಾಗಲಿಲ್ಲ. ಅಮ್ಮ ದಪ್ಪಗಾದಳು, ತೊಡೆ ಮಾತ್ರ ಸಣ್ಣಗಾಯಿತು. ಒಂದು ದಿನ ಮಂಚದಿಂದ ಏಳಲು ಹೋದವಳು ಏಳಲಾಗದೆ ಹಾಗೇ ಕೂತುಬಿಟ್ಟಳು. ಆ ದಿನ ಕರೆಸಿದ್ದು ಈ ಹುಡುಗನನ್ನು.

"ಮಂಡಿ ಹಿಡಿದು ನಿಲ್ಸೋದು ತೊಡೆ ಸ್ನಾಯು ಮೇಡಂ. ಅದೇ ಕರಗಿ ಹೋಗಿದೆ. ಮಂಡಿ ಅಂದ್ರೆ ಟೈರಲ್ಲ" ಅಂದ. ಟೈರು ಅನ್ನುವ ಮಾತನ್ನು ಅವನು ತಾನಾಗೇ ಹೇಳಿದನೋ, ಅಮ್ಮ ಮೊದಲೇ ಹೇಳಿದ್ದಳೋ, ನಾನು ಕೇಳಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಗಳು ಬೆಂಗಳೂರಿನಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದಳು. ಅವಳಿಗೆ ಫೋನ್ ಮಾಡಿ, "ಮೃದ್ವಸ್ಥಿ ಯಾಕೆ ಹೋಗತ್ತೆ ಅಂತ ಸರಿಯಾಗಿ ಓದೋಕೆ ಏನಾದ್ರೂ ಕಳಿಸೇ" ಅಂದೆ. ಅವಳು ಕಳಿಸಿದ್ದನ್ನು ಹತ್ತನೇ ತರಗತಿ ಮಕ್ಕಳು ಪಾಠ ಓದುವಂತೆ ಗೆರೆ ಎಳೆದು ಓದಿದೆ. ಓದುತ್ತಾ ಹೋದಂತೆ, ನಾನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದ ಆ ತೆಳು ನೀಲಿ ಪಟ್ಟಿಯ ಬಗ್ಗೆ ನನಗೇ ಏನೂ ಗೊತ್ತಿರಲಿಲ್ಲ ಅನ್ನಿಸಿತು.

ಮಂಡಿಯೊಳಗೆ ಮೂಳೆಯ ತುದಿಗೆ ಹೊದ್ದುಕೊಂಡಿರುವ ಮೃದ್ವಸ್ಥಿ ಕೆಲವೇ ಮಿಲಿಮೀಟರ್ ದಪ್ಪ. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ತೂಕದಲ್ಲಿ ಮುಕ್ಕಾಲು ಭಾಗದಷ್ಟು ನೀರೇ. ಆ ನೀರನ್ನು ಹಿಡಿದಿಡುವುದು ಅಗ್ರಿಕ್ಯಾನ್ ಎನ್ನುವ ಒಂದು ದೊಡ್ಡ ಅಣು. ಬಾಟಲಿ ತೊಳೆಯುವ ಬ್ರಷ್ ನೆನಪಿಸಿಕೊಳ್ಳಿ. ನಡುವೆ ಒಂದು ಪ್ರೋಟೀನಿನ ಕಡ್ಡಿ, ಸುತ್ತ ನೂರರಷ್ಟು ಸಕ್ಕರೆಯ ಎಳೆಗಳು. ಆ ಎಳೆಗಳಲ್ಲಿ ಋಣ ವಿದ್ಯುದಂಶ ತುಂಬಿರುವುದರಿಂದ ನೀರು ಅಲ್ಲಿಗೆ ಬಂದು ಸೇರುತ್ತದೆ. ಈ ಬ್ರಷ್‌ಗಳು ಉಬ್ಬಿ ಹರಡದಂತೆ ಕೊಲಾಜೆನ್ ಎನ್ನುವ ಬಲೆ ಬಿಗಿಯಾಗಿ ಹಿಡಿದಿರುತ್ತದೆ. ನಾವು ಕಾಲೂರಿದಾಗ ನೀರು ಹಿಂಡಿ ಹೊರಬರುತ್ತದೆ, ಎತ್ತಿದಾಗ ಮತ್ತೆ ಒಳಗೆ ಹೋಗುತ್ತದೆ. ರಕ್ತ ಹರಿಯದ ಆ ಜಾಗದ ಜೀವಕೋಶಗಳಿಗೆ ಆಹಾರ ತಲುಪುವುದು ಕೀಲಿನ ದ್ರವದ ಮೂಲಕ. ಈ ಹಿಂಡುವಿಕೆಯೇ ಅದಕ್ಕೆ ನೆರವು.

ಅಂದರೆ ನಡಿಗೆಯೇ ಮಂಡಿಗೆ ಊಟ ಬಡಿಸುವ ಕೈ. ನಾನು ಆ ಕೈಯನ್ನೇ ಕಟ್ಟಿಹಾಕಿದ್ದೆ.

ಹಾಗಾದರೆ ಆ ಗ್ಯಾಪ್ ಕಡಿಮೆಯಾಗುವುದು ಹೇಗೆ? ಭಾರ ಬೀಳುವುದು, ಹಳೇ ಪೆಟ್ಟು, ವಯಸ್ಸು, ಮೈತೂಕ ಎಲ್ಲಕ್ಕೂ ಅದರಲ್ಲಿ ಪಾಲಿದೆ, ಸುಳ್ಳಲ್ಲ. ಆದರೆ ಅದು ಕಲ್ಲು ಉಜ್ಜಿ ಸವೆದ ಹಾಗೆ ಸುಮ್ಮನೆ ಉದುರಿಹೋಗುವುದಲ್ಲ. ಮೃದ್ವಸ್ಥಿಯ ಜೀವಕೋಶಗಳೇ ಕತ್ತರಿ ತಯಾರಿಸುತ್ತವೆ. ಆ ಕತ್ತರಿಗಳಲ್ಲಿ ಮುಖ್ಯವಾದ ಒಂದರ ಹೆಸರು ಆಡಮ್-ಟಿಎಸ್-5. ಇದೊಂದು ಕಿಣ್ವ. ಇದನ್ನು ಮಾಡುವ ವಂಶವಾಹಿ ನಮ್ಮ 21ನೇ ವರ್ಣತಂತುವಿನ ಮೇಲಿದೆ. 930 ಅಮೈನೋ ಆಮ್ಲಗಳ ಸರ, ಕತ್ತರಿಸುವ ಬಾಯಿಯಲ್ಲಿ ಒಂದು ಸತುವಿನ ಅಣು. ಮನುಷ್ಯರಲ್ಲಿ ಈ ಮನೆತನದ ಕಿಣ್ವಗಳು 19 ಇವೆ. 1999ರಲ್ಲಿ ಈ ಐದನೆಯದನ್ನು ಗುರುತಿಸಿದರು. ಅಗ್ರಿಕ್ಯಾನ್ ಬ್ರಷ್‌ನ ಕಡ್ಡಿಯನ್ನು ಒಂದು ನಿಗದಿತ ಜಾಗದಲ್ಲಿ, 373 ಮತ್ತು 374ನೇ ಅಮೈನೋ ಆಮ್ಲಗಳ ನಡುವೆ ಇದು ಕತ್ತರಿಸುತ್ತದೆ. ಕಡ್ಡಿ ತುಂಡಾದರೆ ನೀರು ಹಿಡಿಯುವ ಭಾಗ ಕಳಚಿಕೊಂಡು ಹೋಗುತ್ತದೆ. ನೀರು ಹೋದ ಮೃದ್ವಸ್ಥಿ ಒಣಗಿದ ಸ್ಪಂಜು.

ಇದಕ್ಕೆ ಪುರಾವೆ ಸಿಕ್ಕಿದ್ದು 2005ರಲ್ಲಿ. ಅಮೆರಿಕದ ಸೋನ್ಯಾ ಗ್ಲಾಸನ್ ಅವರ ತಂಡ, ಆಸ್ಟ್ರೇಲಿಯಾದ ಅಮಾಂಡಾ ಫೋಸಾಂಗ್ ಅವರ ತಂಡ, ಎರಡೂ ಬೇರೆಬೇರೆಯಾಗಿ ಇಲಿಗಳಲ್ಲಿ ಈ ವಂಶವಾಹಿ ಕೆಲಸ ಮಾಡದ ಹಾಗೆ ಮಾಡಿದವು. ಆ ಇಲಿಗಳ ಮಂಡಿಯನ್ನು ಬೇಕೆಂದೇ ಅಲುಗುವಂತೆ ಮಾಡಿದರೂ, ಕೀಲಿಗೆ ಉರಿಯೂತ ತಂದರೂ ಮೃದ್ವಸ್ಥಿ ಬಹುಮಟ್ಟಿಗೆ ಉಳಿದುಕೊಂಡಿತು. ಎರಡು ವರದಿಗಳೂ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಬಂದವು. ಮನುಷ್ಯರ ಮೃದ್ವಸ್ಥಿಯಲ್ಲಿ ಇದರ ಜೊತೆ ಇದರ ಸೋದರ, ನಾಲ್ಕನೆಯದೂ ಕೈಜೋಡಿಸುತ್ತದೆ.

ಓದಿದ್ದನ್ನೆಲ್ಲ ಅಮ್ಮನಿಗೆ ಹೇಳಬೇಕಿತ್ತು. ಹೇಗೆ? ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ದಡ್ಡಿಯಲ್ಲ. ಜಗಲಿಯ ಮೂಲೆಯಲ್ಲಿ ಮೆಟ್ಟುಗತ್ತಿ ಕಾಣಿಸಿತು. ನಲವತ್ತು ವರ್ಷ ಆ ಮಣೆಯ ಮೇಲೆ ಕಾಲು ಮಡಚಿ ಕೂತು, ಸುಗ್ಗಿಯ ರಾತ್ರಿಗಳಲ್ಲಿ ಹನ್ನೊಂದು ಹನ್ನೆರಡು ಗಂಟೆಯವರೆಗೆ ಅಡಿಕೆ ಸುಲಿದವಳು ಅವಳು. ಕೈಗೆ ಕತ್ತಿ ತಾಗಿಸಿಕೊಳ್ಳದೆ, ಕಣ್ಣು ಬೇರೆಲ್ಲೋ ಇಟ್ಟು, ಬಾಯಲ್ಲಿ ಊರಿನ ಸುದ್ದಿ ಹೇಳುತ್ತಾ ಸುಲಿಯುತ್ತಿದ್ದಳು.

"ನಿನ್ನ ಮಂಡಿ ಒಳಗೂ ಒಂದು ಮೆಟ್ಟುಗತ್ತಿ ಇದೆ ಅಮ್ಮ" ಅಂದೆ.

"ಎಂಥದೇ ಅದು?"

ಹೇಳಿದೆ. ಆ ಕತ್ತಿ ಎಲ್ಲರ ಮಂಡಿಯಲ್ಲೂ ಇದೆ. ನನ್ನದರಲ್ಲೂ, ಗದ್ದೆಯಲ್ಲಿ ಓಡುವ ಹುಡುಗರದರಲ್ಲೂ. ಹಳೇ ಬ್ರಷ್ ಕತ್ತರಿಸಿ ತೆಗೆದು ಹೊಸದಕ್ಕೆ ಜಾಗ ಮಾಡುವುದು ಅದರ ಕೆಲಸ. ಕೆಲಸ ಮುಗಿದ ಮೇಲೆ ಜೀವಕೋಶ ತನ್ನ ಕತ್ತಿಯನ್ನು ತಾನೇ ವಾಪಸ್ ನುಂಗಿಕೊಳ್ಳುತ್ತದೆ. ಎಲ್‌ಆರ್‌ಪಿ-1 ಅನ್ನುವ ಒಂದು ಗ್ರಾಹಕ ಕೋಶದ ಮೈಮೇಲೆ ಇದ್ದು ಕತ್ತಿಯನ್ನು ಹಿಡಿದು ಒಳಗೆಳೆದುಕೊಳ್ಳುತ್ತದೆ. ಟಿಂಪ್-3 ಅಂತ ಇನ್ನೊಂದಿದೆ, ಅದು ಕತ್ತಿಯ ಬಾಯಿಗೆ ಅಡ್ಡ ಕೂತು ಕತ್ತರಿಸದ ಹಾಗೆ ತಡೆಯುತ್ತದೆ. ಮಂಡಿ ಕೆಟ್ಟಾಗ ಈ ನುಂಗುವ ಕೆಲಸ ಕುಗ್ಗುತ್ತದೆ. ಕತ್ತಿ ಹೊರಗೇ ಉಳಿಯುತ್ತದೆ, ಹೊಸ ಬ್ರಷ್ಷನ್ನೂ ಬಿಡುವುದಿಲ್ಲ.

ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಸುಲಿದಾದ ಮೇಲೆ ಕತ್ತಿ ಮೂಲೆಗಿಡದೆ ಅಂಗಳದ ಮಧ್ಯ ಬಿಟ್ಟು ಎದ್ದು ಹೋದ ಹಾಗಾಯ್ತು" ಅಂದಳು.

ನನ್ನ ಇಪ್ಪತ್ತೆರಡು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಇಷ್ಟು ಬೇಗ ವಿಷಯ ಹಿಡಿದಿರಲಿಲ್ಲ.

"ಹಾಗಾದ್ರೆ ಆ ಕತ್ತಿನೇ ಕಿತ್ತು ಎಸೆದ್ರಾಗಲ್ವಾ? ಮದ್ದಿಲ್ವಾ ಅದಕ್ಕೆ?"

ವಿಜ್ಞಾನಿಗಳಿಗೂ ಬಂದ ಪ್ರಶ್ನೆ ಅದೇ. ಅಲ್ಡುಮಾಸ್ಟಾಟ್ ಎನ್ನುವ ಮಾತ್ರೆ ತಯಾರಾಯಿತು. ನೇರವಾಗಿ ಈ ಕಿಣ್ವದ ಬಾಯಿ ಕಟ್ಟುವ ಮಾತ್ರೆ. ಮಂಡಿ ನೋವಿರುವ 932 ಜನರ ಮೇಲೆ, ಹಲವು ದೇಶಗಳಲ್ಲಿ, 52 ವಾರ ಪರೀಕ್ಷೆ ನಡೆಯಿತು. ಎಂಆರ್‌ಐ ತೆಗೆದು ಮೃದ್ವಸ್ಥಿಯ ದಪ್ಪ ಅಳೆದರು. 2020ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಿಗೂ ಖಾಲಿ ಮಾತ್ರೆ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇಲಿಯ ಮಂಡಿಗೆ ಆರಂಭದಲ್ಲೇ ತಡೆ ಹಾಕಿದ್ದು ಬೇರೆ, ವರ್ಷಗಟ್ಟಲೆ ನೋವು ತಿಂದ ಮನುಷ್ಯರ ಮಂಡಿಯೇ ಬೇರೆ.

"ಅಷ್ಟೆಲ್ಲ ಮಾಡಿಯೂ ಆಗ್ಲಿಲ್ವಾ?" ಅಮ್ಮನಿಗೆ ತನ್ನ ಮಂಡಿಗಿಂತ ಆ ಮಾತ್ರೆ ಮಾಡಿದವರ ಬಗ್ಗೆಯೇ ಬೇಜಾರಾದ ಹಾಗಿತ್ತು.

ಇನ್ನೊಂದು ಸಂಗತಿ ಹೇಳಿದೆ. ಕತ್ತಿ ಕಿತ್ತು ಎಸೆಯುವುದೂ ಅಷ್ಟು ಸಲೀಸಲ್ಲ. ಗರ್ಭದಲ್ಲಿ ಕೈಕಾಲು ಮೂಡುವಾಗ ಬೆರಳುಗಳ ನಡುವೆ ಬಾತುಕೋಳಿಯ ಪಾದದಂತೆ ಚರ್ಮವಿರುತ್ತದೆ. ಆಮೇಲೆ ಅದು ಕರಗಿ ಬೆರಳು ಬಿಡಿಬಿಡಿಯಾಗುತ್ತದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸುನೀಲ್ ಆಪ್ಟೆ ಅವರ ಪ್ರಯೋಗಾಲಯದವರು 2009ರಲ್ಲಿ ಇಲಿಗಳಲ್ಲಿ ತೋರಿಸಿದ್ದೇನೆಂದರೆ, ಈ ಐದನೆಯ ಕಿಣ್ವ ತನ್ನ ಬಂಧುಗಳಾದ ಒಂಬತ್ತು ಮತ್ತು ಇಪ್ಪತ್ತನೆಯದರ ಜೊತೆ ಸೇರಿ ಆ ಕೆಲಸಕ್ಕೆ ನೆರವಾಗುತ್ತದೆ. ಇವು ಜೊತೆಯಾಗಿ ಕೊರತೆಯಾದರೆ ಬೆರಳು ಅಂಟಿಕೊಂಡೇ ಉಳಿಯುತ್ತವೆ. ಹೃದಯದ ಕವಾಟಗಳು ಸರಿಯಾಗಿ ರೂಪುಗೊಳ್ಳುವುದರಲ್ಲೂ, ಇಲಿಗಳಲ್ಲಿ ನೋಡಿದ ಮಟ್ಟಿಗೆ, ಇದರ ಪಾತ್ರವಿದೆ.

ಅಮ್ಮ ತನ್ನ ಕೈ ಎತ್ತಿ ಬೆರಳು ಅಗಲಿಸಿ ನೋಡಿಕೊಂಡಳು. ಅಡಿಕೆಯ ಚೊಗರು ಹಿಡಿದು ವರ್ಷಾನುಗಟ್ಟಲೆ ಕಪ್ಪಾಗಿದ್ದ, ಈಗ ಎರಡು ವರ್ಷದಿಂದ ಬಿಳಿಚಿಕೊಂಡಿದ್ದ ಬೆರಳು. ಏನೂ ಮಾತಾಡಲಿಲ್ಲ.

ಈ ನಡುವೆ ನಾವೂ ಮೋಸಹೋಗಿದ್ದೆವು, ಅದನ್ನೂ ಹೇಳಿಬಿಡುತ್ತೇನೆ. ನಂಟರೊಬ್ಬರು ಮೃದ್ವಸ್ಥಿ ಮತ್ತೆ ಬೆಳೆಸುತ್ತದೆ ಅಂತ ಒಂದು ಪುಡಿ ಡಬ್ಬ ತಂದುಕೊಟ್ಟಿದ್ದರು. ಆರು ತಿಂಗಳು ಹಾಲಿಗೆ ಹಾಕಿ ಕುಡಿಸಿದೆ. ವಿಜ್ಞಾನದ ಟೀಚರ್ ನಾನೇ! ತಿಂದ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಚೂರಾಗುತ್ತದೆ, ನೇರ ಹೋಗಿ ಮಂಡಿಯಲ್ಲಿ ಕೂರುವುದಿಲ್ಲ ಅಂತ ಎಂಟನೇ ಕ್ಲಾಸಿಗೆ ಹೇಳಿಕೊಡುವವಳು. ಆಮೇಲೆ ಓದಿದ ಇನ್ನೊಂದು ಅಧ್ಯಯನ ನನ್ನನ್ನು ಸುಮ್ಮನಾಗಿಸಿತು. 1950, 60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಹೆಚ್ಚಾಗಿತ್ತಲ್ಲ, ಅದು ಆಗ ಬೆಳೆಯುತ್ತಿದ್ದ ಎಲ್ಲ ಜೀವಿಗಳ ಮೈಯಲ್ಲೂ ಸೇರಿತು. ಆ ಗುರುತು ಹಿಡಿದು ಡೆನ್ಮಾರ್ಕಿನ ಸಂಶೋಧಕರು ಮಂಡಿಯ ಕೊಲಾಜೆನ್‌ನ ವಯಸ್ಸು ಲೆಕ್ಕ ಹಾಕಿದರು. ದೊಡ್ಡವರಾದ ಮೇಲೆ ಆ ಬಲೆ ಹೊಸದಾಗಿ ಹೆಣೆದುಕೊಳ್ಳುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಅಂತ 2016ರಲ್ಲಿ ಬರೆದರು. ಅಮ್ಮನ ಮಂಡಿಯ ಬಲೆ ಅವಳು ಲಂಗ ಉಟ್ಟು, ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಹೆಣೆದದ್ದು. ಅದನ್ನು ನಾನು ಒಂದು ಡಬ್ಬ ಪುಡಿಯಿಂದ ಹೊಸದು ಮಾಡಲು ಹೊರಟಿದ್ದೆ. ಅಗ್ರಿಕ್ಯಾನ್ ಹೋದರೆ ಸ್ವಲ್ಪಮಟ್ಟಿಗಾದರೂ ಮತ್ತೆ ತುಂಬಿಕೊಳ್ಳುತ್ತದೆ. ಬಲೆಯೇ ಹರಿದರೆ ಕಷ್ಟ. ಬಲೆ ಹರಿಯುವುದಕ್ಕೂ ಬೇರೆಯೇ ಕಿಣ್ವಗಳಿವೆ.

"ನಿಂಗೂ ಬರತ್ತಾ ಇದು?" ಅಮ್ಮ ಒಂದು ದಿನ ಇದ್ದಕ್ಕಿದ್ದ ಹಾಗೆ ಕೇಳಿದಳು. "ನಮ್ಮಮ್ಮನಿಗೂ ಇತ್ತು. ಕಡೆಗಾಲದಲ್ಲಿ ತೆವಳ್ತಾ ಇದ್ಲು."

ಆ ಪ್ರಶ್ನೆಯ ಹಿಂದೆ ಏನಿತ್ತು ಅಂತ ನನಗೆ ಗೊತ್ತು. ತಾನು ಮಗಳಿಗೆ ಏನೋ ಕೆಟ್ಟದ್ದು ದಾಟಿಸಿಬಿಟ್ಟೆನೇನೋ ಅನ್ನುವ ಸಂಕಟ. ಬ್ರಿಟನ್ನಿನಲ್ಲಿ ಅವಳಿ ಹೆಣ್ಣುಮಕ್ಕಳ ಮೇಲೆ 1996ರಲ್ಲಿ ನಡೆದ ಅಧ್ಯಯನದ ಪ್ರಕಾರ ಕೈ ಮತ್ತು ಮಂಡಿಯ ಈ ತೊಂದರೆಯಲ್ಲಿ ವಂಶದ ಪಾಲು ಶೇ 39ರಿಂದ 65. ಆದರೆ ಅದು ಒಂದು ವಂಶವಾಹಿಯ ಕೈವಾಡವಲ್ಲ, ಸಣ್ಣಸಣ್ಣ ಪಾಲಿನ ಎಷ್ಟೋ ವಂಶವಾಹಿಗಳು ಸೇರಿ ಆಗುವಂಥದ್ದು. ಈ ಕತ್ತಿಯ ವಂಶವಾಹಿಯಂತೂ ಮಂಡಿ ನೋವಿಲ್ಲದವರಲ್ಲೂ ಇದ್ದೇ ಇದೆ. "ಬಂದ್ರೂ ಬರಬಹುದು ಅಮ್ಮ. ಅದು ನಿನ್ನ ತಪ್ಪಲ್ಲ. ಮೂಗು ಬಂದ ಹಾಗೆ, ಬಣ್ಣ ಬಂದ ಹಾಗೆ. ನಂಗೆ ಬೆರಳೂ ನಿನ್ನದೇ ಬಂದಿದೆ" ಅಂದೆ. ಅವಳು ನಕ್ಕಳು. ಪೂರ್ತಿ ನಂಬಿದಳೋ ಇಲ್ಲವೋ.

ವ್ಯಾಯಾಮ ಶುರುವಾಯಿತು. ದೊಡ್ಡದೇನಲ್ಲ. ಮಂಚದ ಮೇಲೆ ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಹಿಡಿದು ಹತ್ತರವರೆಗೆ ಎಣಿಸುವುದು. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹಿಡಿಯುವುದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಮೊದಲ ವಾರ ಅಮ್ಮ ನೋವಿಗೆ ಹಲ್ಲು ಕಚ್ಚಿದಳು, ನನ್ನನ್ನೂ ಆ ಹುಡುಗನನ್ನೂ ಬೈದಳು. ಮೂರನೇ ತಿಂಗಳಿಗೆ ಅಂಗಳದ ಆ ತುದಿಗೆ ಹೋಗಿ ಬಂದಳು. ನಡೆದರೆ ಕತ್ತಿ ಇನ್ನೂ ಕತ್ತರಿಸುತ್ತದೆ ಅನ್ನುವ ಹೆದರಿಕೆ ಅವಳಿಗಿರಲಿಲ್ಲ. ಇದ್ದದ್ದು ನನಗೆ. ತೂಕ ಆರು ಕೆಜಿ ಇಳಿಯಿತು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ನಾಲ್ಕು ಕೆಜಿಯಷ್ಟು ಇಳಿಯುತ್ತದಂತೆ. ಆ ಲೆಕ್ಕ ಅಮ್ಮನಿಗೆ ಬಹಳ ಇಷ್ಟವಾಯಿತು. "ಲಾಭದ ವ್ಯಾಪಾರ" ಅಂದಳು.

ಪವಾಡ ಏನೂ ಆಗಲಿಲ್ಲ. ಗ್ಯಾಪ್ ಮತ್ತೆ ಅಗಲವಾಗಲಿಲ್ಲ. ಮಳೆಗಾಲದಲ್ಲಿ ಈಗಲೂ ಮಂಡಿ ಊದಿಕೊಳ್ಳುತ್ತದೆ, ಈಗಲೂ ಅವಳು ನೆಲದ ಮೇಲೆ ಕೂರುವುದಿಲ್ಲ. ಮುಂದೊಂದು ದಿನ ಮಂಡಿ ಬದಲಾಯಿಸುವ ಆಪರೇಷನ್ ಬೇಕಾಗಬಹುದು ಅಂತ ಡಾಕ್ಟರು ಹೇಳಿದ್ದಾರೆ. ಬೇಕಾದಾಗ ಮಾಡಿಸೋಣ, ಆಗಲೂ ತೊಡೆಯಲ್ಲಿ ಬಲ ಇದ್ದರೆ ಬೇಗ ಎದ್ದು ಓಡಾಡಬಹುದು ಅಂತ ಅಂದುಕೊಂಡಿದ್ದೇವೆ. ಆದರೆ ಈಗ ಅರವತ್ತೊಂಬತ್ತರಲ್ಲಿ ಅವಳೇ ಕೊಟ್ಟಿಗೆಗೆ ಹೋಗುತ್ತಾಳೆ. ಕರು ಹಾಕಿದಾಗ ಯಾರಿಗೂ ಕಾಯುವುದಿಲ್ಲ.

ಒಂದು ಮಾತು ಬಹಳ ದಿನ ಗಂಟಲಲ್ಲೇ ಇತ್ತು. ಕಳೆದ ಸುಗ್ಗಿಯಲ್ಲಿ ಕೇಳಿಯೇಬಿಟ್ಟೆ. "ಅವತ್ತು ಆ ಹುಡುಗನ ಮುಂದೆ ಯಾಕೆ ಸುಳ್ಳು ಹೇಳ್ದೆ? ಕೂತ್ಕೋ ಅಂದಿದ್ದು ನಾನಲ್ವಾ?"

ಅಮ್ಮ ಕುರ್ಚಿಯಲ್ಲಿ ಕೂತು, ಸುಲಿದ ಅಡಿಕೆಯಲ್ಲಿ ಕಸ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಸುಳ್ಳೆಂಥದ್ದು ಮಾರಾಯ್ತಿ. ಮದುವೆಯಾಗಿ ಬಂದು ನಲವತ್ತು ವರ್ಷ ಆಗಿತ್ತು. ಒಬ್ರೂ ಕೂತ್ಕೋ ಅಂದಿರ್ಲಿಲ್ಲ. ನೀನು ಅಂದೆ. ಅದಕ್ಕೇ ಕೂತೆ. ಅದ್ರಲ್ಲಿ ನಿಂದೇನು ತಪ್ಪು?"

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕಿಣ್ವ, ವರ್ಣತಂತು, ಅಗ್ರಿಕ್ಯಾನ್ ಎಲ್ಲ ಓದಿದ್ದೆ. ಅವಳ ಮಂಡಿಯ ಬಗ್ಗೆ ಗೊತ್ತಾಗಬೇಕಿದ್ದ ಈ ಒಂದು ಸಂಗತಿ ಯಾವ ಪುಸ್ತಕದಲ್ಲೂ ಇರಲಿಲ್ಲ. ಅವಳಿಗೆ ವಿಶ್ರಾಂತಿ ಬೇಕಿತ್ತು, ನಿಜ. ಅದನ್ನು ಮಂಡಿ ಕೆಡುವ ಮೊದಲೇ, ಕೆಲಸ ಹಂಚಿಕೊಂಡು ಕೊಡಬೇಕಿತ್ತು. ನಾವೆಲ್ಲ ಎಕ್ಸ್‌ರೇ ಬರುವವರೆಗೆ ಕಾದೆವು.

ಈ ವರ್ಷ ಶಾಲೆಯಲ್ಲಿ ಕೀಲಿನ ಪಾಠ ಬಂದಾಗ ಬೋರ್ಡಿನ ಮೇಲೆ ಅದೇ ನೀಲಿ ಪಟ್ಟಿ ಬರೆದೆ. ಸವೆಯುತ್ತದೆ ಅನ್ನುವ ಪದ ಬಾಯಿಗೆ ಬಂತು, ನುಂಗಿಕೊಂಡೆ. "ಮನೇಲಿ ಯಾರಿಗೆ ಮಂಡಿ ನೋವಿದೆ?" ಅಂತ ಕೇಳಿದೆ. ಅರ್ಧ ಕ್ಲಾಸು ಕೈ ಎತ್ತಿತು. ಹೆಚ್ಚಿನವರದು ಅಜ್ಜಿ, ಕೆಲವರದು ಅಮ್ಮ. ಅವತ್ತಿನ ಮನೆಕೆಲಸ ಚಿತ್ರ ಬರೆಯುವುದಾಗಿರಲಿಲ್ಲ. ಸಂಜೆ ಅವರ ಜೊತೆ ರಸ್ತೆಯವರೆಗೆ ನಡೆದು ಬನ್ನಿ, ಬಂದ ಮೇಲೆ ಪಾತ್ರೆ ನೀವು ತೊಳೆಯಿರಿ ಅಂದೆ.

ಮರುದಿನ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಅಜ್ಜಿ ನಡೆದ್ರು. ಪಾತ್ರೆ ತೊಳೆಯೋಕೆ ಬಿಡ್ಲಿಲ್ಲ" ಅಂದ.

"ಇವತ್ತು ಮತ್ತೆ ಕೇಳು" ಅಂದೆ.